ಕಾಡಿನ ಕಾವಲು: ನೆರೆನಾಡುಗಳ ಕೂಡುಹೊಣೆ

(ನಮ್ಮ ಕೂಟದ ಉಪನ್ಯಾಸಮಾಲೆಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ವೈದ್ಯರನ್ನು ಭಾಷಣಕ್ಕೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್‌ಗಳ ವಿಚಾರ ಬರುತ್ತದೆಂಬ ನಿರೀಕ್ಷೆ ಸಹಜವಾದದ್ದು. ಕಾರ್ಯದರ್ಶಿಗಳು ದೂರವಾಣಿಯಲ್ಲಿ ವಿಷಯವೇನೆಂದು ಕೇಳಿದಾಗ ನಾವು ‘ಮರಗಳ ಕಾಯಿಲೆ’ ಎಂದೆವು. ಆ ಕಡೆ ಕ್ಷಣಕಾಲ ಮೌನ. ಬಳಿಕ ಅವರು, ‘ಆಗಲಿ ಡಾಕ್ಟರೆ, ಊಟಕ್ಕೆ ಮೊದಲೇ ಇಟ್ಟುಕೊಳ್ಳೋಣ’ ಎಂದರು. ಆದಕಾರಣ ನಿಮ್ಮ ಹಸಿವಿನ ಪರಿವೆಯಿಟ್ಟುಕೊಂಡೇ ಮಾತನಾಡುತ್ತೇವೆ.

ಇಂದಿನ ವಿಷಯ ಕಾಡುಗಳ ಜೈವಿಕ ಸುರಕ್ಷೆ. ಹೊರನಾಡಿನಿಂದ ಬಂದು ಮರಗಳನ್ನು ಕೊಲ್ಲುವ ಕೀಟ ರೋಗಗಳಿಂದ ಕಾಡನ್ನು ಕಾಯುವ ನೀತಿ ಎಂದು ಇದರ ಅರ್ಥ. ಒಂದು ದೇಶ ಎಷ್ಟೇ ಎಚ್ಚರದಿಂದಿದ್ದರೂ ನೆರೆಯ ದೇಶ ಜೊತೆಗೂಡದಿದ್ದರೆ ಆ ಎಚ್ಚರ ವ್ಯರ್ಥವೆಂಬುದು ನಮ್ಮ ಮುಖ್ಯ ಪ್ರತಿಪಾದನೆ. ಇದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಅದು ಈ ಮಿಶಿಗನ್ನಿನ ನಮ್ಮ ಹಿತ್ತಲಿನಲ್ಲಿಯೇ ನಡೆದುಹೋಯಿತು.

ನಾವು ವೈದ್ಯಕೀಯ ಪದವಿ ಮುಗಿಸಿ ರೆಸಿಡೆನ್ಸಿಗೆಂದು ಡೆಟ್ರಾಯಿಟ್ ಪ್ರಾಂತಕ್ಕೆ ಬಂದದ್ದು 1994ರಲ್ಲಿ. ಬಂದ ಹೊಸತರಲ್ಲಿ ಮನಸ್ಸಿಗೆ ಹಿಡಿಸಿದ್ದು ಇಲ್ಲಿನ ಬೀದಿಯ ಸಾಲುಮರಗಳು. ಅವುಗಳಲ್ಲಿ ಬಹುಪಾಲು ಆಶ್ ಮರಗಳು. ಈ ಬೀದಿಗಳಲ್ಲಿ ಮೊದಲು ಎಲ್ಮ್ ಮರಗಳಿದ್ದವು. ‘ಡಚ್ ಎಲ್ಮ್’ ಎಂಬ ಶಿಲೀಂಧ್ರರೋಗ 1930ರಲ್ಲಿ ಒಹಾಯೊದಲ್ಲಿ ಕಾಣಿಸಿಕೊಂಡು, ಮುಂದಿನ ದಶಕಗಳಲ್ಲಿ ಎಲ್ಮ್‌ಗಳನ್ನು ನೆಲಸಮ ಮಾಡಿತು. ಖಾಲಿಯಾದ ಜಾಗದಲ್ಲಿ ಬೇಗ ಬೆಳೆಯುವ, ಗಟ್ಟಿ ಜೀವದ ಆಶ್ ಮರವನ್ನು ಊರೂರುಗಳಲ್ಲಿ ನೆಟ್ಟರು. ಒಂದೇ ಜಾತಿಯ ಮರ ಸತ್ತಿತೆಂದು ಮತ್ತೊಂದು ಒಂದೇ ಜಾತಿಯ ಮರವನ್ನು ಸಾಲಾಗಿ ನೆಟ್ಟದ್ದು ಎಂಥ ತಪ್ಪೆಂಬುದು ಅನಂತರ ತಿಳಿಯಿತು.

ನಾವು ಇಲ್ಲಿಗೆ ಬಂದಿಳಿದ ಆಸುಪಾಸಿನಲ್ಲಿಯೇ ಇನ್ನೊಬ್ಬ ಅತಿಥಿಯೂ ಬಂದು ನೆಲೆಸಿದ್ದ. ಹೆಸರು ಎಮರಾಲ್ಡ್ ಆಶ್ ಬೋರರ್. ಚೀನಾ, ಕೊರಿಯಾ, ರಷ್ಯಾದ ಪೂರ್ವತೀರಗಳ ಕಡೆಯ ಪಚ್ಚೆಬಣ್ಣದ ದುಂಬಿ; ಉದ್ದ ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್. ನಮ್ಮ ಮಲೆನಾಡು, ಕೊಡಗಿನ ಕಾಫಿ ಬೆಳೆಗಾರರಿಗೆ ಬಿಳಿ ಕಾಂಡಕೊರಕದ ಉಪಟಳ ಗೊತ್ತಷ್ಟೆ. ಇದೂ ಕಾಂಡ ಕೊರೆಯುವ ಜಾತಿಯೇ. ಇದರ ಮರಿಹುಳು ತೊಗಟೆಯ ಒಳಪದರದಲ್ಲಿ ಹಾವಿನ ಹಾದಿಯಂತೆ ಸುರಂಗ ತೋಡುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ಅಲ್ಲಿಯೇ ಇದೆ. ಹೃದಯದ ರಕ್ತನಾಳಗಳು ಒಂದೊಂದಾಗಿ ಮುಚ್ಚಿಕೊಂಡರೆ ಮನುಷ್ಯನಿಗೆ ಏನಾಗುವುದೋ ಮರಕ್ಕೂ ಅದೇ ಆಗುತ್ತದೆ. ಕೆಲವೇ ವರ್ಷಗಳಲ್ಲಿ ಮರ ನಿಂತಲ್ಲಿಯೇ ಸಾಯುತ್ತದೆ.

ಈ ಕೀಟವನ್ನು ಗುರುತಿಸಿದ್ದು 2002ರ ಬೇಸಿಗೆಯಲ್ಲಿ. ಸತ್ತ ಮರಗಳ ವಾರ್ಷಿಕ ಉಂಗುರಗಳನ್ನು ವಿಜ್ಞಾನಿಗಳು ಓದಿ ನೋಡಿದಾಗ, ಅದು 1990ರ ದಶಕದ ಮೊದಲ ಭಾಗದಲ್ಲಿಯೇ ಇಲ್ಲಿ ಬೇರೂರಿತ್ತೆಂಬುದು ತಿಳಿದುಬಂತು. ಸರಕು ತುಂಬುವ ಮರದ ಪೆಟ್ಟಿಗೆ, ಹಲಗೆಗಳೊಳಗೆ ಅಡಗಿ ಬಂದಿರಬೇಕೆಂಬುದು ತಜ್ಞರ ಅಭಿಮತ. ಆ ಹತ್ತು ವರ್ಷ ಮರಗಳು ಸಾಯುತ್ತಿದ್ದುದು ಯಾರಿಗೂ ಕಾಣಲಿಲ್ಲವೆ? ಕಂಡಿತ್ತು. ಆದರೆ ಬರಗಾಲವೆಂದರು, ‘ಆಶ್ ಯೆಲ್ಲೋಸ್’ ಎಂಬ ಹಳೆಯ ರೋಗವೆಂದರು. ತಿಳಿದ ರೋಗದ ಹೆಸರು ಕೈಗೆ ಸಿಕ್ಕಿದೊಡನೆ ತಿಳಿಯದ ರೋಗವನ್ನು ಹುಡುಕುವುದನ್ನು ನಿಲ್ಲಿಸುವ ಈ ದೌರ್ಬಲ್ಯ ವೈದ್ಯರಾದ ನಮಗೆ ಅಪರಿಚಿತವೇನಲ್ಲ.

ಡೆಟ್ರಾಯಿಟ್ ನದಿಯ ಆಚೆ ದಡ ಕೆನಡಾದ ವಿಂಡ್ಸರ್. ಅದೇ ಬೇಸಿಗೆಯಲ್ಲಿ ಅಲ್ಲಿಯೂ ಹುಡುಕಿದರು, ಅಲ್ಲಿಯೂ ಕೀಟವಿತ್ತು. ಅಂಬಾಸಡರ್ ಸೇತುವೆಯ ಮೇಲೆ ನಾವು ರಹದಾರಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದಾಗ ದುಂಬಿ ತನ್ನ ಪಾಡಿಗೆ ತಾನು ಎರಡೂ ದೇಶಗಳ ಪ್ರಜೆಯಾಗಿಬಿಟ್ಟಿತ್ತು.

ಮುಂದೆ ಎರಡು ಸರಕಾರಗಳೂ ಕೈಕಟ್ಟಿ ಕೂರಲಿಲ್ಲ. ಅಮೆರಿಕ ಸರಕಾರ 2003ರಲ್ಲಿ ದಿಗ್ಬಂಧನ ವಿಧಿಸಿ ಆಶ್ ಮರ ಹಾಗೂ ಸೌದೆಯ ಸಾಗಾಟವನ್ನು ತಡೆಯಿತು. ನಮ್ಮ ಮ್ಯಾಕಿನಾ ಸೇತುವೆಯ ಬಳಿ ಸೌದೆಗಾಗಿಯೇ ತಪಾಸಣೆ ನಡೆಯುತ್ತಿತ್ತು. ಕೆನಡಾ ಒಂಟಾರಿಯೊದ ಚಾಟಮ್-ಕೆಂಟ್ ಸೀಮೆಯಲ್ಲಿ ಸೇಂಟ್ ಕ್ಲೇರ್ ಸರೋವರದಿಂದ ಈರಿ ಸರೋವರದವರೆಗೆ ಸುಮಾರು 10 ಕಿಲೋಮೀಟರ್ ಅಗಲದ ಪಟ್ಟಿಯೊಂದನ್ನು ಗುರುತಿಸಿ, ಅದರೊಳಗಿನ ಆಶ್ ಮರಗಳನ್ನೆಲ್ಲ 2004ರ ವೇಳೆಗೆ ಕಡಿಸಿಹಾಕಿತು. ಕಾಡ್ಗಿಚ್ಚು ಹಬ್ಬದಿರಲೆಂದು ಊರಿನಲ್ಲಿ ಬೆಂಕಿರೇಖೆ ತೆಗೆಯುವುದಿಲ್ಲವೆ, ಹಾಗೆ. ಆದರೆ ಕೀಟ ಆ ರೇಖೆಯನ್ನೂ ದಾಟಿತು. ಸ್ವಂತ ರೆಕ್ಕೆಯಿಂದ ಅದು ವರ್ಷಕ್ಕೆ ಕೆಲವು ಮೈಲಿ ಹೋದೀತು. ಮನುಷ್ಯನ ವಾಹನದಲ್ಲಿ ಒಂದೇ ದಿನ ನೂರಾರು ಮೈಲಿ ಹೋಗುತ್ತದೆ. 2022ರಲ್ಲಿ ಆರೆಗನ್ನಿನಲ್ಲಿ, 2024ರಲ್ಲಿ ವ್ಯಾಂಕೂವರಿನಲ್ಲಿ ಕಾಣಿಸಿಕೊಂಡಿತು. ಅಷ್ಟರಲ್ಲಿ ಅದು ಅಮೆರಿಕದ 35ಕ್ಕೂ ಹೆಚ್ಚು ರಾಜ್ಯಗಳನ್ನು ಹೊಕ್ಕಿತ್ತು, ಕೋಟಿಗಟ್ಟಲೆ ಮರಗಳನ್ನು ಕೊಂದಿತ್ತು. ತಡೆಯುವುದು ಅಸಾಧ್ಯವೆಂದು ಅಮೆರಿಕದ ಕೇಂದ್ರ ಸರಕಾರ 2021ರ ಜನವರಿಯಲ್ಲಿ ದಿಗ್ಬಂಧನವನ್ನೇ ತೆಗೆದು, ಈ ಕೀಟವನ್ನು ತಿನ್ನುವ ಸಣ್ಣ ಕಣಜಗಳನ್ನು ಬಿಡುವ ಕಾರ್ಯಕ್ಕೆ ಒತ್ತು ಕೊಟ್ಟಿತು. ಕೆನಡಾ ಆಗ ತನ್ನ ನಿರ್ಬಂಧಗಳನ್ನು ಮುಂದುವರಿಸಿತು. ಒಂದೇ ರೋಗಕ್ಕೆ ನದಿಯ ಒಂದು ದಡದಲ್ಲಿ ಒಂದು ಪಥ್ಯ, ಇನ್ನೊಂದು ದಡದಲ್ಲಿ ಇನ್ನೊಂದು ಪಥ್ಯವಾಯಿತು.

ಮರ ಸತ್ತರೆ ಮನುಷ್ಯನಿಗೇನೆಂದು ಕೇಳುವವರಿದ್ದಾರೆ. 2013ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಡಾನವನ್ ಮತ್ತು ಸಂಗಡಿಗರ ಅಧ್ಯಯನ ಪ್ರಕಟವಾಯಿತು. 15 ರಾಜ್ಯಗಳ 1990ರಿಂದ 2007ರವರೆಗಿನ ಮರಣದ ದಾಖಲೆಗಳನ್ನು ಅವರು ಪರಿಶೀಲಿಸಿದರು. ಈ ಕೀಟ ಹೊಕ್ಕ ಕೌಂಟಿಗಳಲ್ಲಿ ಹೃದಯ ಹಾಗೂ ರಕ್ತನಾಳಗಳ ಕಾಯಿಲೆಯಿಂದ 15,080, ಶ್ವಾಸಕೋಶದ ಕಾಯಿಲೆಯಿಂದ 6,113 ಹೆಚ್ಚುವರಿ ಸಾವುಗಳು ಸಂಭವಿಸಿವೆಯೆಂದು ಅವರ ಅಂದಾಜು. ಇದು ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಧಿಸಿ ತೋರುವುದಿಲ್ಲವೆಂದು ನಾವು ಎಚ್ಚರಿಸಬೇಕು. ಆದರೂ ನೆರಳು, ಶುದ್ಧ ಗಾಳಿ, ಸಂಜೆಯ ನಡಿಗೆ ಇವೆಲ್ಲ ಔಷಧಗಳೆಂದು ಅರಿತ ಯಾವ ವೈದ್ಯನಿಗೂ ಆ ಅಂಕಿಗಳು ಆಶ್ಚರ್ಯ ತರಲಾರವು. ಇನ್ನು ಗಡಿಯ ಎರಡೂ ಕಡೆ ನೆಲೆಸಿರುವ ಅನಿಶಿನಾಬೆ, ಮೊಹಾಕ್ ಮೊದಲಾದ ಮೂಲನಿವಾಸಿಗಳಿಗೆ ಕಪ್ಪು ಆಶ್ ಬುಟ್ಟಿ ಹೆಣೆಯುವ ಮರ. ಅಜ್ಜಿಯಿಂದ ಮೊಮ್ಮಗಳಿಗೆ ಇಳಿದುಬಂದ ವಿದ್ಯೆಯ ಆಧಾರ. ಬೆತ್ತ, ಬಿದಿರು ಅಳಿದರೆ ನಮ್ಮ ಮೇದರ ಪಾಡೇನೆಂದು ಊಹಿಸಿಕೊಂಡರೆ ಅವರ ನಷ್ಟ ನಮಗೆ ಅರ್ಥವಾದೀತು.

ನೆರೆಹೊರೆಯ ಈ ಪಾಠ ಹೊಸದಲ್ಲ. 1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಕಾಣಿಸಿದ ಚೆಸ್ಟ್‌ನಟ್ ರೋಗ ಅರ್ಧಶತಮಾನದೊಳಗೆ 300ರಿಂದ 400 ಕೋಟಿ ಮರಗಳನ್ನು ನಿರ್ನಾಮ ಮಾಡಿತು. ಅದೇ ಕಾಲಕ್ಕೆ ಬಿಳಿ ಪೈನ್ ಮರಗಳ ತುಕ್ಕುರೋಗ ಯುರೋಪಿನ ಸಸಿಗಳೊಡನೆ ಬಂತು. ಕೆನಡಾ 1910ರಲ್ಲಿ, ಅಮೆರಿಕ 1912ರಲ್ಲಿ ಬೇರೆ ಬೇರೆಯಾಗಿ ಕಾನೂನು ಮಾಡಿದವು. ಆದರೆ 1910ರಲ್ಲಿ ಫ್ರಾನ್ಸಿನಿಂದ ವ್ಯಾಂಕೂವರಿಗೆ ಇಳಿದ ಸಸಿಗಳಲ್ಲಿ ಆ ತುಕ್ಕು ಇತ್ತು. ಅಲ್ಲಿಂದ ಅದು ಅಮೆರಿಕದ ಪಶ್ಚಿಮದ ಕಾಡುಗಳಿಗೆ ಇಳಿಯಿತು. ಮುಂಬಾಗಿಲಿಗೆ ಅಗುಳಿ ಹಾಕುವಷ್ಟರಲ್ಲಿ ನೆರೆಮನೆಯ ಹಿತ್ತಲಬಾಗಿಲಿನಿಂದ ಕಳ್ಳ ಒಳಗೆ ಬಂದಿದ್ದ.

ನಮ್ಮ ನಾಡಿನಲ್ಲಿಯೂ ಇಂಥದೇ ಕಥೆಯೊಂದಿದೆ. ಗಂಧದ ಮರದ ಸ್ಪೈಕ್ ರೋಗ ಮೊದಲು ವರದಿಯಾದದ್ದು 1899ರಲ್ಲಿ, ಕೊಡಗಿನಲ್ಲಿ. ಆಗ ಕೊಡಗು ಬ್ರಿಟಿಷರ ಪ್ರತ್ಯೇಕ ಪ್ರಾಂತ, ಪಕ್ಕದಲ್ಲಿ ಮೈಸೂರು ಸಂಸ್ಥಾನ, ಅದರಾಚೆ ಮದರಾಸು ಪ್ರಾಂತ. ಮೂರು ಆಡಳಿತಗಳು, ಕಾಡು ಮಾತ್ರ ಒಂದೇ. ರೋಗ ಮೂರನ್ನೂ ಹೊಕ್ಕಿತು. ಇದನ್ನು ಅಧ್ಯಯನ ಮಾಡಿದವರಲ್ಲಿ ಲೆಸ್ಲಿ ಕೋಲ್ಮನ್ ಒಬ್ಬರು. ಅಡಿಕೆಯ ಕೊಳೆರೋಗದ ಮೇಲೆ ಕೆಲಸ ಮಾಡಿ, ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿ ಖ್ಯಾತರಾದ ಈ ಮಹನೀಯರು ಕೆನಡಾ ದೇಶದವರು. ನದಿಯಾಚೆಯ ದೇಶದವರೊಬ್ಬರು ನಮ್ಮ ಮಲೆನಾಡಿನ ಮರಗಳ ಚಿಂತೆ ಮಾಡಿದರು. ನಾವು ಇಲ್ಲಿದ್ದು ಇಲ್ಲಿನ ಮರಗಳ ಚಿಂತೆ ಮಾಡುವುದರಲ್ಲಿ ವಿಶೇಷವೇನೂ ಇಲ್ಲ.

ಹಾಗಾದರೆ ನೆರೆನಾಡುಗಳು ಮಾಡಬೇಕಾದದ್ದೇನು? ನಾಲ್ಕು ಮಾತುಗಳಲ್ಲಿ ಹೇಳಿಬಿಡುತ್ತೇವೆ.

ಮೊದಲನೆಯದು, ರೋಗವನ್ನು ಮೂಲದಲ್ಲಿಯೇ ತಡೆಯುವುದು. 2002ರಲ್ಲಿ ಅಂಗೀಕೃತವಾದ 15ನೆಯ ಅಂತರರಾಷ್ಟ್ರೀಯ ಸಸ್ಯಸಂರಕ್ಷಣಾ ಮಾನದಂಡ ಇದೇ ಉದ್ದೇಶದ್ದು. ದೇಶದಿಂದ ದೇಶಕ್ಕೆ ಹೋಗುವ ಸರಕಿನ ಪೆಟ್ಟಿಗೆ, ಹಲಗೆಗಳ ಮರವನ್ನು ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಕಾಯಿಸಬೇಕು, ಇಲ್ಲವೆ ಅಂಗೀಕೃತವಾದ ಬೇರೆ ಉಪಚಾರ ಮಾಡಬೇಕು. ಅನಂತರ ತೆನೆಯ ಗುರುತಿನ ಮುದ್ರೆ ಒತ್ತಬೇಕು. ಹಾಲು ಕಾಯಿಸಿ ಕುಡಿಯಿರೆಂದು ನಾವು ಹೇಳುವುದಕ್ಕೂ ಇದಕ್ಕೂ ಭೇದವಿಲ್ಲ. ಅಮೆರಿಕ ಇದನ್ನು 2005-06ರಲ್ಲಿ ಜಾರಿಗೆ ತಂದಾಗ ಕೆನಡಾದಿಂದ ಬರುವ ಮರಕ್ಕೆ ವಿನಾಯಿತಿ ನೀಡಿತು. ನೆರೆಯವರಷ್ಟೆ ಎಂಬ ಸಲಿಗೆ. ಆ ವಿನಾಯಿತಿಯನ್ನು ತೆಗೆಯುವ ಪ್ರಸ್ತಾವವನ್ನು 2010ರಲ್ಲಿ ಅಮೆರಿಕವೇ ಪ್ರಕಟಿಸಬೇಕಾಯಿತು. ಸೋಂಕಿನ ವಿಚಾರದಲ್ಲಿ ಸಲಿಗೆ ಸಲ್ಲದು. ಮನೆಯವರೆಂದು ಶಸ್ತ್ರಚಿಕಿತ್ಸಕ ಕೈ ತೊಳೆಯದೆ ಇರುವನೆ?

ಎರಡನೆಯದು, ಕಂಡದ್ದನ್ನು ಕೂಡಲೆ ತಿಳಿಸುವುದು ಮತ್ತು ತಿಳಿಸಿದವರನ್ನು ಶಿಕ್ಷಿಸದಿರುವುದು. ಈ ಖಂಡದಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೊ ಸದಸ್ಯರಾಗಿರುವ ಉತ್ತರ ಅಮೆರಿಕದ ಸಸ್ಯಸಂರಕ್ಷಣಾ ಸಂಘಟನೆ 1976ರಿಂದಲೂ ಇದೆ. ವ್ಯವಸ್ಥೆಗೆ ಕೊರತೆಯಿಲ್ಲ, ಕೊರತೆ ಧೈರ್ಯದ್ದು. ‘ನಮ್ಮಲ್ಲಿ ಕೀಟವಿದೆ’ ಎಂದು ಒಪ್ಪಿಕೊಂಡ ದೇಶದ ಮರಮುಟ್ಟುಗಳನ್ನು ಇತರರು ಮರುದಿನವೇ ನಿಷೇಧಿಸಿದರೆ ಮುಂದಿನ ಬಾರಿ ಯಾರು ಬಾಯಿ ಬಿಟ್ಟಾರು? ನಾವು ರೆಸಿಡೆನ್ಸಿಗೆ ಸೇರಿದ 1994ರಲ್ಲಿಯೇ ಸೂರತ್ತಿನಲ್ಲಿ ಪ್ಲೇಗ್ ವರದಿಯಾಯಿತು. ಹಲವು ದೇಶಗಳು ಭಾರತದ ವಿಮಾನಗಳನ್ನು ನಿಲ್ಲಿಸಿದವು, ಸರಕನ್ನು ತಡೆದವು. ಸೂರತ್ತು ಎಲ್ಲಿದೆಯೆಂದು ಅರಿಯದ ಸಹೋದ್ಯೋಗಿಯೊಬ್ಬರು ಮೂರು ತಿಂಗಳ ಹಿಂದೆ ಬಂದ ನಮ್ಮಿಂದ ಒಂದು ಕುರ್ಚಿ ದೂರ ಸರಿದು ಕುಳಿತರು. ವರದಿ ಮಾಡಿದವರಿಗೆ ಭಯದ ಬಹುಮಾನ ಕೊಟ್ಟರೆ ರೋಗ ಬಚ್ಚಿಟ್ಟುಕೊಳ್ಳಲು ಕಲಿಯುತ್ತದೆ ಎಂಬುದನ್ನು ನಾವು ಅಂದು ಆ ಕುರ್ಚಿಯಲ್ಲಿ ಕುಳಿತು ಕಲಿತೆವು.

ಮೂರನೆಯದು, ಜನರ ಕಣ್ಣನ್ನು ನಂಬುವುದು. ಏಷ್ಯಾದ ಉದ್ದಮೀಸೆಯ ದುಂಬಿ ಎಂಬ ಮತ್ತೊಂದು ಕೀಟ ಮೇಪಲ್ ಮರಗಳ ಶತ್ರು. ಅದು 1996ರಲ್ಲಿ ಬ್ರೂಕ್ಲಿನ್ನಿನಲ್ಲಿ, 1998ರಲ್ಲಿ ಚಿಕಾಗೊದಲ್ಲಿ, 2008ರಲ್ಲಿ ಮ್ಯಾಸಚೂಸೆಟ್ಸಿನ ವೂಸ್ಟರಿನಲ್ಲಿ ಬೆಳಕಿಗೆ ಬಂದದ್ದು ಸಾಮಾನ್ಯ ನಾಗರಿಕರು ‘ಇದೇನೋ ವಿಚಿತ್ರ ಹುಳು’ ಎಂದು ತಿಳಿಸಿದ್ದರಿಂದ. ಚಿಕಾಗೊದಲ್ಲಿ ಅದನ್ನು 2008ರ ವೇಳೆಗೆ ಪೂರ್ಣವಾಗಿ ನಿರ್ಮೂಲ ಮಾಡಿದರು. ಟೊರಾಂಟೊ ಬಳಿ 2003ರಲ್ಲಿ ಕಂಡದ್ದನ್ನು 2013ರಲ್ಲಿ ಮುಗಿಸಿದರು. ಅದೇ ವರ್ಷ ಪಕ್ಕದ ಮಿಸಿಸಾಗಾದಲ್ಲಿ ಮತ್ತೆ ಕಂಡಿತು. ಅದನ್ನೂ 2020ರ ಹೊತ್ತಿಗೆ ಗೆದ್ದರು. ಬೇಗ ಕಂಡರೆ ಗೆಲುವು ಸಾಧ್ಯ. ಆಶ್ ಮರಕ್ಕೆ ತಪ್ಪಿಹೋದದ್ದು ಆ ಹತ್ತು ವರ್ಷಗಳೇ.

ನಾಲ್ಕನೆಯದು, ಬಗೆಬಗೆಯ ಮರಗಳನ್ನು ನೆಡುವುದು. ಫ್ರಾಂಕ್ ಸಾಂಟಮೂರ್ ಎಂಬ ವಿಜ್ಞಾನಿ 1990ರಲ್ಲಿಯೇ ಒಂದು ಸರಳ ಸೂತ್ರ ಹೇಳಿದ್ದರು: ಊರಿನ ಮರಗಳಲ್ಲಿ ಒಂದೇ ಪ್ರಭೇದದವು ಶೇಕಡ 10, ಒಂದೇ ಕುಲದವು ಶೇಕಡ 20, ಒಂದೇ ಕುಟುಂಬದವು ಶೇಕಡ 30 ಮೀರಬಾರದು.

ಇಲ್ಲೊಂದು ಸೂಕ್ಷ್ಮವಿದೆ. ‘ಪರಕೀಯ’, ‘ಆಕ್ರಮಣಕಾರಿ’, ‘ಹೊರಗಿನಿಂದ ಬಂದದ್ದು’ ಎಂಬ ಮಾತುಗಳನ್ನು ಕೇಳುವಾಗ ವಲಸೆ ಬಂದ ನಮ್ಮ ಕಿವಿಗೆ ಸ್ವಲ್ಪ ಚುಚ್ಚುತ್ತದೆ. ಶಾಲೆಯಲ್ಲಿ ಈ ಪಾಠ ಕೇಳಿ ಬಂದ ನಮ್ಮ ಮಗಳು ಒಮ್ಮೆ, ‘ಅಪ್ಪಾ, ನಾವೂ ಇನ್ವೇಸಿವ್ ಅಲ್ಲವೆ?’ ಎಂದು ಕೇಳಿದ್ದಳು. ನಾವು ಅವಳಿಗೆ ಹೇಳಿದ ಉತ್ತರವನ್ನೇ ಇಲ್ಲಿಯೂ ನಿವೇದಿಸುತ್ತೇವೆ. ದುಂಬಿಗೆ ತಾನು ಬಂದ ಮನೆ ಎಂಥದೆಂದು ತಿಳಿದುಕೊಳ್ಳುವ ಶಕ್ತಿಯಿಲ್ಲ, ನಮಗಿದೆ. ದುಂಬಿಯ ಮೇಲೆ ಅಪರಾಧವನ್ನು ಹೊರಿಸಲಾಗದು, ತಂದವರು ಮನುಷ್ಯರೇ. ಬಂದ ನೆಲವನ್ನು ಅರಿತು ಕಾಯುವವನು ಆ ನೆಲದವನೇ ಆಗುತ್ತಾನೆ.

ಈಗ ನಮ್ಮ ಮನೆಯ ಮಾತು. 2001ರ ಬೇಸಿಗೆಯಲ್ಲಿ ನಮ್ಮ ಹಿತ್ತಲಿನ ಆಶ್ ಮರ ತುದಿಯಿಂದ ಒಣಗುತ್ತ ಬಂದಿತ್ತು. ಕಡಿಸಿದೆವು. ಒಳ್ಳೆಯ ಸೌದೆ, ಹಾಳುಮಾಡುವುದೇಕೆಂದು ವಾಹನದ ಹಿಂಬದಿಗೆ ತುಂಬಿಕೊಂಡು, ನಾಲ್ಕು ಕುಟುಂಬಗಳವರು ಕೂಡಿ ಇನ್ನೂರು ಮೈಲಿ ಉತ್ತರದ ಶಿಬಿರತಾಣವೊಂದಕ್ಕೆ ಹೋದೆವು. ರಾತ್ರಿ ಬೆಂಕಿಯ ಸುತ್ತ ಕುಳಿತು ಅಂತ್ಯಾಕ್ಷರಿ ಹಾಡಿದೆವು, ಜೋಳ ಸುಟ್ಟು ತಿಂದೆವು. ಹೊರಡುವಾಗ ಉಳಿದ ಸೌದೆಯನ್ನು ಮುಂದೆ ಬರುವವರಿಗೆ ಉಪಯೋಗವಾಗಲೆಂದು ಅಲ್ಲಿಯೇ ಮರದ ಕೆಳಗೆ ಒಪ್ಪವಾಗಿ ಜೋಡಿಸಿಟ್ಟು ಬಂದೆವು. ಪುಣ್ಯದ ಕೆಲಸವೆಂದೇ ಭಾವಿಸಿದ್ದೆವು. ಆ ತುಂಡುಗಳ ತೊಗಟೆಯ ಮೇಲೆ ಇಂಗ್ಲಿಷಿನ ‘ಡಿ’ ಅಕ್ಷರದಂಥ ಸಣ್ಣ ತೂತುಗಳಿದ್ದುದು ನಮ್ಮ ಮನೆಯವರಿಗೆ ಈಗಲೂ ನೆನಪಿದೆ. ಅದು ಈ ದುಂಬಿ ಹೊರಬರುವ ಬಾಗಿಲಿನ ಗುರುತೆಂದು ನಮಗೆ ತಿಳಿದದ್ದು ಮರುವರ್ಷ, ವೃತ್ತಪತ್ರಿಕೆಯಲ್ಲಿ ಚಿತ್ರ ನೋಡಿದಾಗ.

ಎಂಟು ವರ್ಷಗಳ ಬಳಿಕ ಅದೇ ತಾಣಕ್ಕೆ ಹೋದೆವು. ಆಶ್ ಮರಗಳೆಲ್ಲ ಬೋಳಾಗಿ ನಿಂತಿದ್ದವು. ನಮ್ಮ ಸೌದೆಯಿಂದಲೇ ಆಯಿತೆಂದು ಹೇಳಲಾರೆವು. ನಮ್ಮಂತೆ ಸಾವಿರಾರು ಜನ ಸೌದೆ ಒಯ್ದಿದ್ದರು. ನಮ್ಮಿಂದ ಆಗಲಿಲ್ಲವೆಂದೂ ಹೇಳಲಾರೆವು. ರೋಗಿಗಳಿಗೆ ಸೋಂಕಿನ ಪಾಠ ಹೇಳುವ ನಾವೇ ಸೋಂಕಿನ ವಾಹಕರಾಗಿದ್ದಿರಬಹುದು. ಈ ಮಾತನ್ನು ಸಭೆಯೊಂದರಲ್ಲಿ ಹೇಳುತ್ತಿರುವುದು ಇದೇ ಮೊದಲು.

ಸರಕಾರಗಳ ನೀತಿ ಕಡೆಗೆ ಬಂದು ನಿಲ್ಲುವುದು ಇಂಥ ಮನೆಬಾಗಿಲಿನಲ್ಲಿಯೇ. ಯುಗಾದಿಯ ತೋರಣಕ್ಕೆಂದು ಊರಿನಿಂದ ಮಾವಿನೆಲೆ, ಒಗ್ಗರಣೆಗೆಂದು ಹಸಿ ಕರಿಬೇವು ಪೆಟ್ಟಿಗೆಯ ಮೂಲೆಯಲ್ಲಿ ಇಡುವ ಆಸೆ ಯಾರಿಗಿಲ್ಲ? ಆದರೆ ಕರಿಬೇವು ಕಿತ್ತಳೆಯ ಕುಟುಂಬದ ಗಿಡ. ಕಿತ್ತಳೆ ತೋಟಗಳನ್ನು ಹಾಳುಮಾಡುವ ರೋಗವನ್ನು ಹರಡುವ ಸಿಲಿಡ್ ಎಂಬ ಪುಟ್ಟ ಕೀಟಕ್ಕೆ ಅದು ಪ್ರಿಯವಾದ ಆಸರೆ. ಆ ಕೀಟ ಫ್ಲೋರಿಡಾದಲ್ಲಿ 1998ರಲ್ಲಿ, ರೋಗ 2005ರಲ್ಲಿ ಕಾಣಿಸಿಕೊಂಡು ಅಲ್ಲಿನ ಕಿತ್ತಳೆ ಬೆಳೆಗಾರರನ್ನು ಬೀದಿಗೆ ತಂದಿತು. ಅದು ನಮ್ಮವರ ಪೆಟ್ಟಿಗೆಯಿಂದ ಬಂತೆಂದು ನಾವು ಹೇಳುತ್ತಿಲ್ಲ. ಸುಂಕದ ಕಟ್ಟೆಯ ಅಧಿಕಾರಿ ಎಲೆಗಳನ್ನು ಕಸದ ಡಬ್ಬಿಗೆ ಹಾಕಿದಾಗ ಅದು ಅಪಮಾನವಲ್ಲ, ನೆರೆಯವನ ತೋಟದ ಕಾವಲು ಎಂದಷ್ಟೇ ನಮ್ಮ ವಿನಂತಿ.

2023ರಲ್ಲಿ ಓಕ್ ಮರಗಳನ್ನು ಬಾಡಿಸುವ ರೋಗ ಕೆನಡಾದಲ್ಲಿ ಮೊತ್ತಮೊದಲ ಬಾರಿಗೆ ದೃಢಪಟ್ಟಿತು. ಎಲ್ಲಿ? ಗಡಿಯಂಚಿನ ನಯಾಗರ ಫಾಲ್ಸ್ ಪಟ್ಟಣದಲ್ಲಿ. ಅಮೆರಿಕದಲ್ಲಿ ಅದು ಬಹುಕಾಲದಿಂದ ಇದ್ದ ರೋಗ. ಎಲ್ಮ್ ಹೋಯಿತು, ಆಶ್ ಹೋಯಿತು. ಓಕ್ ಮರದ ಸರದಿ ಬಾರದಿರಲಿ.

ಮುಂದಿನ ತಿಂಗಳು ನಮ್ಮ ಕೂಟದ ವನಭೋಜನವಿದೆ. ಹಿತ್ತಲಿನಲ್ಲಿ ಎಂಥ ಒಳ್ಳೆಯ ಸೌದೆಯಿದ್ದರೂ ಯಾರೂ ತರಬೇಡಿರಿ. ಅಲ್ಲಿನ ಸೌದೆಯನ್ನು ಅಲ್ಲಿಯೇ ಕೊಂಡು ಅಲ್ಲಿಯೇ ಉರಿಸೋಣ. ಅದರ ಖರ್ಚು ಈ ಬಾರಿ ನಮ್ಮದು. ಮಕ್ಕಳಿಗೆ ಒಂದು ಕೆಲಸ: ಮರದ ಮೇಲೆ ‘ಡಿ’ ಆಕಾರದ ತೂತು ಕಂಡರೆ ಬಂದು ನಮಗೆ ತೋರಿಸಿರಿ. ಮೊದಲು ತೋರಿಸಿದವರಿಗೆ ನಮ್ಮ ಮನೆಯವರು ಮಾಡಿದ ಮೈಸೂರುಪಾಕು ಬಹುಮಾನ.